ಒಂದು ಮನೆ ಬಿಟ್ಟು ಹಾಡುವ ಚಿಗವ್ವ

ನೆನಪಿನ ಮೇಲೆ ನನಗೆ ಅಂಥ ಭರವಸೆಯಿಲ್ಲ. ನಮ್ಮ ಮನೆಯಲ್ಲಿ ಒಂದೇ ಮದುವೆಯನ್ನು ನಾಲ್ಕು ಜನ ನೆನಪಿಸಿಕೊಂಡರೆ ಅದು ನಾಲ್ಕು ಮದುವೆಯಾಗುತ್ತದೆ. ಒಂದೊಂದರಲ್ಲಿ ಒಬ್ಬೊಬ್ಬರು ಮುನಿಸಿಕೊಂಡು ಊಟ ಬಿಟ್ಟಿರುತ್ತಾರೆ. ಹೀಗಿರುವಾಗ ನಾನು ಕೊಪ್ಪಳದಂಥ ಊರಿನಲ್ಲಿ ಗಿಟಾರು ಕಲಿತ ಸಂಗತಿಯನ್ನು ಹೇಳಹೊರಟರೆ ಅಲ್ಲಲ್ಲಿ ತಪ್ಪುವುದು ಖಂಡಿತ. ಗಿಟಾರಿನ ಬಣ್ಣ ಕಂದೋ ಕಪ್ಪೋ ಗೊತ್ತಿಲ್ಲ. ಆ ಬೇಸಿಗೆ ಎರಡನೆಯ ಮಹಾಯುದ್ಧ ಶುರುವಾದ ಮೇಲಿನ ಮೂರನೆಯದೋ ನಾಲ್ಕನೆಯದೋ, ಅದೂ ಗೊತ್ತಿಲ್ಲ. ದಿನಚರಿ ಬರೆಯುವ ಚಟ ನನಗೆ ಆಗಲೇ ಇತ್ತು. ಆದರೆ ಆ ದಿನಗಳ ಪುಟಗಳಲ್ಲಿ ‘ಬೆರಳು ಉರಿ’ ಎಂಬುದರ ಹೊರತು ಮತ್ತೇನೂ ಇಲ್ಲ. ಬೆರಳು ಉರಿಯುತ್ತಿದ್ದವಳು ಹೆಚ್ಚು ಬರೆಯುವುದಾದರೂ ಹೇಗೆ? ಒಂದನ್ನು ಮಾತ್ರ ಆಣೆ ಮಾಡಿ ಹೇಳಬಲ್ಲೆ. ಎರಡು ತಂತಿಗಳನ್ನು ಮೊದಲ ಸಲ ಒಟ್ಟಿಗೆ ಸರಿಯಾಗಿ ಮೀಟಿದಾಗ ಮೈಯೆಲ್ಲ ಝುಮ್ಮೆಂದಿತು. ಅದನ್ನು ಯಾರೂ ನನಗೆ ಹೇಳಿಕೊಟ್ಟಿದ್ದಲ್ಲ, ನಾನು ಕಟ್ಟಿದ್ದೂ ಅಲ್ಲ.

ಹೈದರಾಬಾದಿನಲ್ಲಿ ಬಿ.ಎ. ಪರೀಕ್ಷೆ ಬರೆದು ಮನೆಗೆ ಬಂದು ಫಲಿತಾಂಶಕ್ಕೆ ಕಾಯುತ್ತ ಕೂತಿದ್ದೆ. ಕಾಯುವವಳಿಗೆ ಕೆಲಸ ಹಚ್ಚುವವರು ಮನೆತುಂಬ ಇರುತ್ತಾರೆ. ಅವರಿಂದ ತಪ್ಪಿಸಿಕೊಳ್ಳಲು ಸಂಜೆ ಸ್ಟೇಷನ್ನಿನ ಕಡೆ ತಿರುಗಾಡಲು ಹೋಗುತ್ತಿದ್ದೆ. ಅಲ್ಲಿಯ ರೈಲ್ವೆ ಕ್ವಾರ್ಟರ್ಸಿನಲ್ಲಿ ಗಾರ್ಡ್ ಸಾಹೇಬರ ಹೆಂಡತಿ ಗ್ರೇಸ್ ಮೇಡಮ್ ಇದ್ದರು. ಹುಬ್ಬಳ್ಳಿಯ ರೈಲ್ವೆ ಕಾಲನಿಯಲ್ಲಿ ಹುಟ್ಟಿ ಬೆಳೆದವರು, ತೊಡುತ್ತಿದ್ದುದು ಗೌನು, ಆಡುತ್ತಿದ್ದುದು ನನಗಿಂತ ಅಪ್ಪಟ ಹುಬ್ಬಳ್ಳಿ ಮಾತು. ಅವರ ಹತ್ತಿರ ಅಮೆರಿಕದಿಂದ ಬಂದ ಗ್ರಾಮೊಫೋನ್ ತಟ್ಟೆಗಳಿದ್ದವು. ಕುದುರೆ ಏರಿ ದನ ಕಾಯುವ ಗಂಡಸರು ಆ ಹಾಡುಗಳಲ್ಲಿ ಮೂಗಿನಿಂದ ದುಃಖಪಡುತ್ತಿದ್ದರು. ಅವುಗಳನ್ನು ಕೇಳಿ ಕೇಳಿ ಮೇಡಮ್ಮು ತಮ್ಮ ಗಿಟಾರಿನಲ್ಲಿ ಹಾಗೆಯೇ ನುಡಿಸಲು ಕಲಿತಿದ್ದರು. ನಾನು ಬೇಲಿಯ ಆಚೆ ನಿಂತು ಕೇಳುವುದನ್ನು ಕಂಡು ಒಂದು ಸಂಜೆ, “ಅಲ್ಲೇ ನಿಂತ್ರ ಕಾಲ್ ನೋಯ್ತಾವು, ಒಳಗ ಬರ್ರಿ. ಕಲೀತೀರೇನು?” ಅಂದರು. ಮನೆಗೆ ಬಂದು ಹೇಳಿದೆ. ಅಪ್ಪ ಎಲೆಗೆ ಸುಣ್ಣ ಹಚ್ಚುತ್ತ, “ಬಿ.ಎ. ಮಾಡಿ ದನಾ ಕಾಯೋರ ಹಾಡು ಕಲಿಯಾಕ ಸ್ಟೇಷನ್ ತನಕ ಯಾಕ ಹೋಗ್ತಿ? ನಮ್ಮ ದನಾ ಕಾಯೋ ಭೀಮ್ಯಾ ಹಿತ್ತಲದಾಗ ಅದಾನ, ಕರೀಲೇನು?” ಅಂದರು. ಅದನ್ನು ನಾನು ಒಪ್ಪಿಗೆ ಎಂದೇ ತಿಳಿದೆ.

ಈಗ ಆ ವಿದ್ಯೆಯ ಗುಟ್ಟನ್ನು ಹೇಳಬೇಕು. ನಮ್ಮ ಹಾಡುಗಳಲ್ಲಿ ಸ್ವರಗಳು ಬಾವಿಯಿಂದ ನೀರು ತರುವ ಹೆಂಗಸರಂತೆ ಒಬ್ಬರ ಹಿಂದೊಬ್ಬರು ಬರುತ್ತವೆ. ಮೇಡಮ್ಮಿನ ಹಾಡಿನಲ್ಲಿ ಅವು ಜೋಡಿಯಾಗಿ, ಕೈಕೈ ಹಿಡಿದು ಬರುತ್ತಿದ್ದವು. “ಒಂದು ಮನಿ ಬಿಟ್ಟು ಮುಂದಿನ ಮನಿ, ತಿಳೀತಿಲ್ಲೋ? ಈಕಿ ‘ಸ’ದಾಗ ಇದ್ದಾಗ ಆಕಿ ‘ಗ’ದಾಗ. ಈಕಿ ‘ರಿ’ಗೆ ಹೋದ್ರ ಆಕಿ ‘ಮ’ಕ್ಕ. ನಡುವಿನ ಮನಿಯಾಕಿಗೆ ಇಬ್ರೂ ಮಾತಾಡ್ಸಂಗಿಲ್ಲ,” ಎಂದು ಅವರು ಎರಡು ತಂತಿಗಳ ಮೇಲೆ ಎರಡು ಬೆರಳುಗಳನ್ನು ಜಾರಿಸಿ ತೋರಿಸಿದರು. ಅಬ್ಬಾ, ಅದೆಂಥ ಸದ್ದು! ಒಬ್ಬಳು ನಗುವಾಗ ಪಕ್ಕದಲ್ಲೇ ಇನ್ನೊಬ್ಬಳೂ ಬೇರೆ ಕಾರಣಕ್ಕೆ ನಕ್ಕಂತೆ ಇತ್ತು. ಇಷ್ಟೇ ತಾನೆ ಎಂದು ನಾನೂ ಎರಡು ಬೆರಳು ಊರಿ, ಅದೇ ಅಂತರದಲ್ಲಿ ಮೇಲಿನಿಂದ ಕೆಳಗಿನವರೆಗೆ ಎಳೆದೆ. ಗಾಡಿಯ ಕೀಲು ಒಣಗಿದಾಗ ಕೇಳುವ ಸದ್ದು ಬಂತು. ಕ್ವಾರ್ಟರ್ಸಿನ ಕೋಳಿಗಳು ಓಡಿದವು. ತಪ್ಪು ಏನೆಂದರೆ ಮನೆಗಳ ನಡುವಿನ ಅಂತರ ಎಲ್ಲ ಕಡೆ ಒಂದೇ ಅಲ್ಲ. ಒಂದು ಜೋಡಿ ದೊಡ್ಡದು, ಮುಂದಿನ ಎರಡು ಸಣ್ಣವು, ಆಮೇಲೆ ಎರಡು ದೊಡ್ಡವು, ಕೊನೆಗೆ ಎರಡು ಸಣ್ಣವು. ಸಾಲದೆಂಬಂತೆ, ಆ ಎರಡು ತಂತಿಗಳನ್ನು ಬಿಗಿದಿರುವ ರೀತಿಯಿಂದಾಗಿ ಕಿವಿಗೆ ದೊಡ್ಡದೆನಿಸುವ ಜೋಡಿಗೆ ಬೆರಳುಗಳು ಹತ್ತಿರ ಬರಬೇಕು, ಸಣ್ಣದೆನಿಸುವ ಜೋಡಿಗೆ ದೂರ ಹೋಗಬೇಕು. ತರ್ಕಶಾಸ್ತ್ರದಲ್ಲಿ ಒಳ್ಳೆಯ ಅಂಕ ತೆಗೆದವಳು ನಾನು. ಆ ತರ್ಕ ಬೆರಳಿನ ತುದಿಯವರೆಗೆ ಇಳಿದೇ ಇರಲಿಲ್ಲ.

ಬಾಯಿಪಾಠ ಮಾಡುವುದೊಂದೇ ದಾರಿ. ಬೆಳಿಗ್ಗೆ ರೊಟ್ಟಿ ಬಡಿಯುತ್ತ, “ದೊಡ್ಡದು, ಸಣ್ಣದು, ಸಣ್ಣದು, ದೊಡ್ಡದು, ದೊಡ್ಡದು, ಸಣ್ಣದು, ಸಣ್ಣದು” ಎಂದು ಜಪಿಸುತ್ತಿದ್ದೆ. ಕೈ ಬಾಯಿಯ ಮಾತನ್ನು ಕೇಳಿಬಿಟ್ಟಿತು. ಅವ್ವ ಬುಟ್ಟಿಯ ಬಟ್ಟೆ ಸರಿಸಿ ನೋಡಿದಳು. “ಏನಬೇ ಇದು? ಒಂದು ಗಂಗಾಳದಷ್ಟು, ಒಂದು ಅಂಗೈಯಷ್ಟು! ಯಾರಿಗೆ ಯಾವ್ದು ಹಾಕ್ಲಿ?” “ದೊಡ್ಡವು ಅಪ್ಪಗ ಹಾಕು, ಸಣ್ಣವು ನನಗ,” ಅಂದೆ. “ಇದನ್ನ ಕಲಿಸಾಕ ನಿನ್ನ ಹೈದ್ರಾಬಾದ್ ತನಕ ಕಳ್ಸಿದ್ವಿ ನೋಡು,” ಎಂದು ಬುಟ್ಟಿ ಎತ್ತಿಕೊಂಡು ಹೋದಳು. ಮುಂದಿನ ಪಾಠ ಇನ್ನೂ ಕಠಿಣ. ಜೋಡಿಯಲ್ಲಿ ಒಬ್ಬಳನ್ನು ಇನ್ನೂ ಕೆಳಗಿನ ತಂತಿಗೆ ಕಳಿಸಿ, ಮೂರು ತಂತಿಗಳಲ್ಲಿ ಆಚೆಯದನ್ನೂ ಈಚೆಯದನ್ನೂ ಮೀಟಿ, ನಡುವಿನ ತಂತಿಯನ್ನು ಬೆರಳಿನ ಅಂಚಿನಿಂದ ಸುಮ್ಮನಿರಿಸಬೇಕು. ನಾನು ಮೂವರು ಹೆಣ್ಣುಮಕ್ಕಳಲ್ಲಿ ನಡುವಿನವಳು. ನಡುವಿನದನ್ನು ಸುಮ್ಮನಿರಿಸುವುದು ನಮ್ಮ ಮನೆಯಲ್ಲಿ ಯಾರಿಗೂ ಸಾಧ್ಯವಾಗಿರಲಿಲ್ಲ, ನನಗೂ ಆಗಲಿಲ್ಲ.

ಅಷ್ಟರಲ್ಲಿ ಶಾವಿಗೆ ಹೊಸೆಯುವ ದಿನಗಳು ಬಂದವು. ಮಾಳಿಗೆಯ ಮೇಲೆ ಮಣೆ ಹಾಕಿ, ಹಿಟ್ಟಿನ ಎಳೆ ಎಳೆದು ಕೋಲಿನ ಮೇಲೆ ಒಣಹಾಕುತ್ತ ಹೆಂಗಸರು ಹಾಡುತ್ತಾರೆ. ಹಾಡು ಎತ್ತುವವಳು ನಮ್ಮ ಅವ್ವ. ಓಣಿಯಲ್ಲಿ ಯಾರ ಮನೆಯಲ್ಲಿ ಶುಭಕಾರ್ಯ ಇದ್ದರೂ ಹಾಡಲು ಕರೆ ಬರುತ್ತಿದ್ದುದು ಅವಳಿಗೆ. ಅವಳ ತಂಗಿ ನೀಲವ್ವ, ನನ್ನ ಚಿಗವ್ವ, ಗೋಡೆಗೆ ಗೋಡೆ ಹತ್ತಿದ ಪಕ್ಕದ ಮನೆಗೇ ಮದುವೆಯಾಗಿ ಬಂದವಳು. ಚಿಗವ್ವನ ಬಗ್ಗೆ ಎಲ್ಲರಿಗೂ ಗೊತ್ತಿದ್ದ ಒಂದು ಸಂಗತಿಯೆಂದರೆ ಅವಳಿಗೆ ಹಾಡಲು ಬರುವುದಿಲ್ಲ ಎಂಬುದು. ದನಿಯೇನೋ ಇಂಪೇ, ಆದರೆ ಹಾದಿ ತಪ್ಪುತ್ತಾಳೆ. ಅವಳು ಬಾಯಿ ತೆರೆದರೆ ಅವ್ವ ತುಟಿಯ ಮೇಲೆ ಬೆರಳಿಟ್ಟು, “ನೀ ಬರೇ ತುಟಿ ಆಡ್ಸು, ದನಿ ಹಚ್ಚಬ್ಯಾಡ,” ಅನ್ನುತ್ತಿದ್ದಳು. ಅಂದು ಅವ್ವ ನಾದಿಟ್ಟ ಕಣಕ ತರಲು ಕೆಳಗಿಳಿದವಳು ಮೆಟ್ಟಿಲಿನಿಂದಲೇ ಹಾಡು ಮುಂದುವರಿಸಿದಳು. ತನ್ನ ಅಕ್ಕ ಕಣ್ಣಿಗೆ ಕಾಣದ ಧೈರ್ಯದಿಂದ ಚಿಗವ್ವ ಮಣೆಯ ಈ ತುದಿಯಲ್ಲಿ ಮೆಲ್ಲಗೆ ದನಿಗೂಡಿಸಿದಳು. ನನ್ನ ಕೈಯ ಎಳೆ ಹರಿಯಿತು. ಅವ್ವ ‘ಗ’ದಲ್ಲಿದ್ದಾಗ ಇವಳು ‘ಸ’ದಲ್ಲಿ. ಅವ್ವ ‘ಮ’ಕ್ಕೆ ಹೋದಾಗ ಇವಳು ‘ರಿ’ಗೆ. ಒಂದು ಸಲವಲ್ಲ, ಸಾಲು ಪೂರ್ತಿ! ದೊಡ್ಡದಿರುವಲ್ಲಿ ದೊಡ್ಡದು, ಸಣ್ಣದಿರುವಲ್ಲಿ ಸಣ್ಣದು, ಕೂದಲೆಳೆಯಷ್ಟೂ ಆಚೀಚೆಯಿಲ್ಲ.

“ಚಿಗವ್ವಾ!” ಎಂದು ಕೂಗಿದೆ. ಕೋಲು ಅಲುಗಿ ಶಾವಿಗೆಯೆಲ್ಲ ಉಯ್ಯಾಲೆಯಾಡಿತು. “ನೀ ಒಂದು ಮನಿ ಬಿಟ್ಟು ಹಾಡಾಕತ್ತಿ!”

“ನಾ ಎಲ್ಲಿ ಮನಿ ಬಿಟ್ಟೇನಿ? ಕೀಲಿ ಹಾಕ್ಕೊಂಡ ಬಂದೇನಿ,” ಎಂದು ಅವಳು ಗಾಬರಿಯಾಗಿ ಸೊಂಟದ ಕೀಲಿ ಮುಟ್ಟಿಕೊಂಡಳು.

ಬಿಡಿಸಿ ಹೇಳಿದೆ. ಅಮೆರಿಕ, ಕುದುರೆ, ದನ, ತಂತಿ, ಎಲ್ಲವನ್ನೂ ಒಂದೇ ಉಸಿರಿನಲ್ಲಿ ಹೇಳಿದೆ. ನಾನು ಮೂರು ವಾರ ಬೆರಳು ಸುಟ್ಟುಕೊಂಡು ಕಲಿತದ್ದು ಇವಳ ಗಂಟಲಲ್ಲಿ ಮೊದಲೇ ಕೂತಿದೆ! ಚಿಗವ್ವ ಎಳೆ ಎಳೆಯುತ್ತಲೇ ಕೇಳಿದಳು. ಕೊನೆಗೆ, “ಹಂಗಂದ್ರ ನಂದು ತಪ್ಪಲ್ಲಂತೀ?” ಅಂದಳು. “ತಪ್ಪಲ್ಲ, ಅದು ಇನ್ನೊಂದು ಹಾದಿ.” ಅವಳು ಕೈಯಲ್ಲಿದ್ದ ಎಳೆಯನ್ನು ಕೋಲಿಗೆ ಹಾಕಿ, “ನನ್ನ ಮಗನ್ನ ತೊಟ್ಟಲಕ್ಕ ಹಾಕಿದಾಗೂ ನಾ ಬರೇ ತುಟಿ ಆಡಿಸೇನಿ ನೋಡವಾ,” ಅಂದಳು. ನಗುತ್ತಲೇ ಅಂದಳು. ನನಗೆ ನಗು ಬರಲಿಲ್ಲ.

ಕುಷ್ಟಗಿಯಲ್ಲಿ ನಮ್ಮ ಅಕ್ಕನ ಕೂಸನ್ನು ತೊಟ್ಟಿಲಿಗೆ ಹಾಕುವ ದಿನ ಹತ್ತಿರವಿತ್ತು. ಅಲ್ಲಿ ಚಿಗವ್ವ ಬಾಯಿಬಿಟ್ಟು ಹಾಡಲೇಬೇಕೆಂದು ನಾನು ತೀರ್ಮಾನಿಸಿದೆ. ಅವ್ವ ಮೇಲಿನ ಹಾದಿ, ಚಿಗವ್ವ ಕೆಳಗಿನ ಹಾದಿ, ಎರಡನ್ನೂ ಒಟ್ಟಿಗೆ ನುಡಿಸಿ ಇದು ತಪ್ಪಲ್ಲ ಎನ್ನಲು ಸಾಕ್ಷಿಗೆ ನನ್ನ ಕೈಯಲ್ಲಿ ಗಿಟಾರು. ಮೇಡಮ್ಮು ತಮ್ಮ ವಾದ್ಯವನ್ನು ಸಂತೋಷದಿಂದ ಎರವಲು ಕೊಟ್ಟರು. ಸಂಜೆ ಸಂಜೆ ಚಿಗವ್ವನ ಹಿತ್ತಲಲ್ಲಿ ತಾಲೀಮು ನಡೆಯಿತು. ನಾನು ಅವ್ವನ ಹಾದಿ ನುಡಿಸುವೆ, ಅವಳು ತನ್ನದನ್ನು ಹಾಡುವಳು. ಎರಡೂ ಕೂಡಿದಾಗ ನಾನು ಕೂತಲ್ಲೇ ಕುಣಿಯುತ್ತಿದ್ದೆ. “ಸಾವಕಾಶ, ಪೆಟಗಿ ಬಿದ್ದೀತು,” ಅನ್ನುತ್ತಿದ್ದಳು. ನಮ್ಮ ಕಡೆಯ ಹೆಂಗಸರ ಬಾಯಲ್ಲಿ ಗಿಟಾರೂ ಪೆಟಗಿಯೇ. ಅವ್ವನಿಗೆ ಹೇಳಿದಾಗ ಅವಳು, “ಬೀಗರ ಮನ್ಯಾಗ ಮಾನ ಕಳೀಬ್ಯಾಡ್ರಿ ಇಬ್ರೂ,” ಅಂದಳು. ಬೇಡ ಅನ್ನಲಿಲ್ಲ.

ಪೆಟ್ರೋಲು ಸಿಗದ ಕಾಲ. ಕುಷ್ಟಗಿಯ ಬಸ್ಸು ಇದ್ದಿಲಿನ ಹೊಗೆಯಿಂದ ಓಡುತ್ತಿತ್ತು. ಆ ಹೊಗೆಯಲ್ಲಿ ಅರ್ಧವನ್ನು ತಾನು ಕುಡಿದು ಉಳಿದರ್ಧವನ್ನು ನಮಗೆ ಹಂಚುತ್ತಿತ್ತು. ಗಿಟಾರಿಗೆ ಅವ್ವನ ಹಳೆಯ ಸೀರೆ ಸುತ್ತಿ ತೊಡೆಯ ಮೇಲೆ ಮಲಗಿಸಿಕೊಂಡಿದ್ದೆ. ಎದುರಿನ ಮುದುಕರೊಬ್ಬರು ಬಹಳ ಹೊತ್ತು ನೋಡಿ, “ಕೂಸಿಗೆ ಆರಾಮಿಲ್ಲೇನವಾ? ಅಲುಗ್ವಲ್ದು,” ಅಂದರು. ಚಿಗವ್ವ ತಡಮಾಡದೆ, “ಮಲಗೈತ್ರಿ. ಎದ್ರ ಬಸ್ಸೆಲ್ಲಾ ಕೇಳಸೂವಂಗ ಅಳತೈತಿ,” ಎಂದುಬಿಟ್ಟಳು. ಮುದುಕರು ಊರು ಬರುವತನಕ ಯಾರನ್ನೂ ಗಟ್ಟಿಯಾಗಿ ಮಾತಾಡಗೊಡಲಿಲ್ಲ. ಕುಷ್ಟಗಿಯಲ್ಲಿ ಇಳಿದಾಗ ಅವ್ವ ಏನೋ ಹೇಳಲು ಬಾಯಿ ತೆರೆದಳು. ಬರೀ ಗಾಳಿ ಬಂತು. ಹೊಗೆಗೆ ಗಂಟಲು ಪೂರಾ ಕಟ್ಟಿಹೋಗಿತ್ತು. ಬಿಸಿನೀರು, ಶುಂಠಿ, ಜೀರಿಗೆ, ಯಾವುದಕ್ಕೂ ದನಿ ಮರಳಲಿಲ್ಲ.

ತೊಟ್ಟಿಲು ಸಿಂಗರಿಸಿದ್ದರು. ಕೂಸನ್ನು ತೊಟ್ಟಿಲಿನ ಮೇಲಿಂದ ಕೆಳಗಿಂದ ದಾಟಿಸಿ ಮಲಗಿಸಿದರು. ಇನ್ನು ಹಾಡಬೇಕು. ಪಡಸಾಲೆಯ ಹೆಂಗಸರೆಲ್ಲ ಅವ್ವನ ಮುಖ ನೋಡಿದರು. ಅವ್ವ ಗಂಟಲು ತೋರಿಸಿ ಕೈಯಾಡಿಸಿದಳು. ಅಕ್ಕನ ಅತ್ತೆ, “ಹಾಡಿಲ್ದ ತೂಗೂದು ಹೆಂಗ್ರಿ ಬೀಗತಿ? ಯಾರರ ಒಬ್ರು ಎತ್ರಿ,” ಅಂದರು. ಯಾರೂ ಎತ್ತಲಿಲ್ಲ. ಅವ್ವನಿಲ್ಲದೆ ಚಿಗವ್ವನ ಹಾದಿಗೆ ಜೋಡಿಯೇ ಇಲ್ಲವಲ್ಲ, ಕೆಟ್ಟಿತು ಎಂದುಕೊಂಡು ನಾನೇ ಎರಡು ತಂತಿಗಳ ಮೇಲೆ ಬೆರಳೂರಿ ಶುರುಮಾಡಿದೆ. ಚಿಗವ್ವ ನನ್ನನ್ನೊಮ್ಮೆ, ಅವ್ವನನ್ನೊಮ್ಮೆ ನೋಡಿ ದನಿ ತೆಗೆದಳು.

ತೆಗೆದದ್ದು ಅವ್ವನ ಹಾದಿ! ತಡವರಿಕೆಯಿಲ್ಲ, ಅಂಜಿಕೆಯಿಲ್ಲ. ಅವ್ವ ಎಲ್ಲಿ ಎಳೆಯುತ್ತಾಳೋ ಅಲ್ಲೇ ಎಳೆದಳು, ಅವ್ವ ಎಲ್ಲಿ ಉಸಿರು ಹಿಡಿಯುತ್ತಾಳೋ ಅಲ್ಲೇ ಹಿಡಿದಳು. ಪಡಸಾಲೆ ತುಂಬಿತು. ಹೆಂಗಸರು ಅವಳ ಹಿಂದೆ ದನಿಗೂಡಿಸಿದರು. ನಾನು ಬೆರಗಾಗಿ, ಆದರೆ ಕೈ ನಿಲ್ಲಿಸದೆ, ಕೆಳಗಿನ ಹಾದಿಯನ್ನೂ ಸೇರಿಸಿ ನುಡಿಸುತ್ತಲೇ ಇದ್ದೆ. ಆಗ ಅಕ್ಕನ ಅತ್ತೆ ಪಕ್ಕದವರಿಗೆ, ನನಗೂ ಕೇಳುವಷ್ಟು ಮೆಲ್ಲಗೆ, “ನೀಲವ್ವ ಭಾಳ ಛಲೋ ಹಾಡ್ತಾಳ್ರಿ. ಆ ಪೆಟಗಿದೇ ಹಾದಿ ತಪ್ಪೈತಿ,” ಅಂದರು. ತಲೆಯೆತ್ತಿದರೆ ಎದುರಿಗೆ ಅವ್ವ. ತುಟಿಯ ಮೇಲೆ ಬೆರಳಿಟ್ಟು ನನ್ನನ್ನೇ ನೋಡುತ್ತಿದ್ದಾಳೆ!

ಕೆಳಗಿನ ಹಾದಿಯ ತಂತಿಯಿಂದ ಬೆರಳು ತೆಗೆದೆ. ಆ ಕ್ಷಣ ಚಿಗವ್ವ ಸಾಲಿನ ನಡುವೆಯೇ ಸ್ವಲ್ಪ ತಡೆದು ನನ್ನತ್ತ ತಿರುಗಿದಳು. ಮತ್ತೆ ಊರಿದೆ. ಹಾಡು ಮುಂದೆ ಹೋಯಿತು. ಇಲ್ಲೇ ನನಗೆ ನನ್ನ ಮೇಲೆ ಅನುಮಾನ. ಅವಳು ತಡೆದದ್ದು ನಾನು ಬಿಟ್ಟದ್ದಕ್ಕೋ, ಉಸಿರಿಗೋ? ತಿರುಗಿದ್ದು ‘ಬಾ’ ಎಂದೋ, ‘ಸಾಕು ಮಾಡು’ ಎಂದೋ? ಈ ಕತೆಯನ್ನು ಎಷ್ಟೋ ಜನರಿಗೆ ಹೇಳಿ ಹೇಳಿ ‘ಬಾ’ ಎಂಬುದನ್ನು ನಾನೇ ಗಟ್ಟಿ ಮಾಡಿಕೊಂಡಿದ್ದೇನೆಂದು ಕಾಣುತ್ತದೆ. ಅಂತೂ ಅಂದಿನಿಂದ ಚಿಗವ್ವನಿಗೂ ಮನೆಮನೆಯಿಂದ ಹಾಡಲು ಕರೆ ಬರತೊಡಗಿತು. ಮುಂದೆ ಯಲಬುರ್ಗಾದಲ್ಲೊಂದು ಸೀಮಂತಕ್ಕೆ ನಮ್ಮನ್ನೆಲ್ಲ ಕರೆಯಲು ಬಂದವರು, “ಬಿ.ಎ. ಮಾಡಿದ ತಂಗಿನೂ ಬರ್ಲಿ, ಪೆಟಗಿ ಮನ್ಯಾಗ ಇರ್ಲಿ,” ಅಂದು ಹೋದರು.

ಚಿಗವ್ವ ಈಗ ಗಂಗಾವತಿಯಲ್ಲಿ ಮಗನ ಮನೆಯಲ್ಲಿದ್ದಾಳೆ. ಕುಷ್ಟಗಿಯಿಂದ ಮರಳುವ ಬಸ್ಸಿನಲ್ಲಿ ಅವಳನ್ನು ಒಂದು ಮಾತು ಕೇಳಿದ್ದೆ. “ನಿಮ್ಮವ್ವನ ಗಂಟ್ಲಾ ಕಟ್ಟೈತಿ, ಕಿಡಕಿ ಮುಚ್ಚು,” ಅಂದಳು. ಮೊನ್ನೆ ಹೋದಾಗ ಮತ್ತೆ ಕೇಳಿದೆ. “ಊಟಕ್ಕ ಏಳು, ಅನ್ನ ಆರತೈತಿ,” ಅಂದಳು. ಕೇಳಿದ್ದು ಇಷ್ಟೇ: “ಚಿಗವ್ವ, ಅವ್ವನ ಹಾದಿ ನಿನಗ ಅಷ್ಟು ಚಂದ ಬರ್ತಿತ್ತಂದ್ರ, ಇಷ್ಟು ವರ್ಷ ಬೈಸಿಕೊಂಡ್ರೂ ಆ ಕೆಳಗಿನ ಹಾದಿ ಯಾಕ ಬಿಡ್ಲಿಲ್ಲ?”