ಪೂರ್ವನಿಯೋಜಿತ ಅಳಿಯ

ನಮ್ಮ ಅತ್ತೆಯವರ ಮನೆಮಾತಿಗೆ ಸ್ವಂತ ಲಿಪಿಯಿಲ್ಲ. ಲಿಪಿಯಿಲ್ಲದ ಭಾಷೆಯಲ್ಲಿ ಬೈಸಿಕೊಳ್ಳುವುದರ ಕಷ್ಟವೇನೆಂದರೆ, ಲಿಖಿತ ಸಾಕ್ಷ್ಯ ಸಿಗುವುದಿಲ್ಲ. ಮದುವೆಯಾದಂದಿನಿಂದ ನನ್ನನ್ನು ಕಂಡಾಗಲೆಲ್ಲ ಅವರು ಮಗಳ ಕಡೆ ತಿರುಗಿ ಅದೇ ಒಂದು ಪದ ಅನ್ನುತ್ತಾರೆ, ಅವಳು ಕಿಸಕ್ಕನೆ ನಗುತ್ತಾಳೆ.

"ಏನಂದ್ರು?"

"ಸಣ್ಣಗಾಗಿದೀರಂತೆ."

(ಈ ವಿಷಯದಲ್ಲಿ ನನ್ನ ಪ್ಯಾಂಟುಗಳ ಹೇಳಿಕೆ ಬೇರೆಯೇ ಇದೆ.)

ಒಂದು ದಿನ ಮೈಗೆ ಸೋಪು ಹಚ್ಚಿಕೊಳ್ಳುತ್ತಿದ್ದಾಗ ಆ ದಿವ್ಯ ಆಲೋಚನೆ ಹೊಳೆಯಿತು. ಅತ್ತೆಯವರ ಭಾಷೆಗೆ ನಾನೇ ಒಂದು ನಿಘಂಟು ಮಾಡಿದರೆ? ಅವರ ಹುಟ್ಟುಹಬ್ಬಕ್ಕೆ ಬಳಗವೆಲ್ಲ ಸೇರುತ್ತದೆ, ಎಲ್ಲರ ಕೈಗೂ ಒಂದೊಂದು ಪ್ರತಿ. ಇಷ್ಟು ವರ್ಷ ಅವರ ಬಾಯಿಂದ ನನ್ನ ಬಗ್ಗೆ ಹೊರಡದ ಒಂದು ಒಳ್ಳೆಯ ಮಾತು ಅಂದಾದರೂ ಹೊರಟೀತು. ಜೊತೆಗೆ, ನಾನು ನಿಜಕ್ಕೂ ಏನಾಗಿದ್ದೇನೆಂಬುದೂ ತಿಳಿದೀತು.

ನಿಘಂಟು ಮಾಡುವುದಕ್ಕೆಂದೇ ತಂತ್ರಾಂಶಗಳಿವೆ. ನಾನು ತಂದದ್ದು ತೆರೆದ ಕೂಡಲೇ ಗಂಭೀರವಾಗಿ ಕೇಳಿತು: ಪೂರ್ವನಿಯೋಜಿತ ಭಾಷೆ ಯಾವುದು? ಪೂರ್ವನಿಯೋಜಿತ ಲಿಪಿ ಯಾವುದು?

"ಇದೇನ್ರೀ, ಜಾತಕ ಕೇಳ್ದಂಗೆ ಕೇಳ್ತಿದೆ?" ಎಂದಳು ಹೆಂಡತಿ.

"ಡಿಫಾಲ್ಟ್ ಕಣೇ. ನಾವೇನೂ ಹೇಳದೆ ಸುಮ್ನಿದ್ರೆ ತಾನಾಗೇ ಯಾವುದು ನಡೆಯುತ್ತೋ ಅದು."

"ಓ, ನಾನು!" ಎಂದಳು.

ಭಾಷೆಗೂ ಲಿಪಿಗೂ ಕನ್ನಡವನ್ನೇ ಆರಿಸಿದೆವು. ಸಂಜೆ ಅತ್ತೆ ಫೋನಿನಲ್ಲಿ ಪದ ಹೇಳುವುದು, ಮಗಳು ಪದವನ್ನೂ ಅರ್ಥವನ್ನೂ ಕುಟ್ಟುವುದು, ನಾನು ಕಾಗುಣಿತ ತಿದ್ದುವುದು. (ನನ್ನ ಆ ಒಂದು ಪದ ಮಾತ್ರ ಬರಲೇ ಇಲ್ಲ. ತಾಯಿ ಮಗಳು ಅದನ್ನು ಜಾಣತನದಿಂದ ದಾಟಿಕೊಂಡೇ ಹೋದರು.) ಕೆಲಸ ಅಚ್ಚುಕಟ್ಟಾಗಿ ಸಾಗುತ್ತಿತ್ತು, ನನ್ನ ಕೈ ಸುಮ್ಮನಿದ್ದಿದ್ದರೆ.

ಆ ತಂತ್ರಾಂಶದಲ್ಲಿ ಒಂದೊಂದು ಪದಕ್ಕೂ ಎಷ್ಟು ಭಾಷೆಯಲ್ಲಿ ಬೇಕಾದರೂ ಅರ್ಥ ಬರೆದಿಡಬಹುದು. ತೆರೆಯ ಮೇಲೆ ಕಾಣುವುದೂ ಅಚ್ಚಾಗುವುದೂ ಡಿಫಾಲ್ಟ್ ಭಾಷೆಯದು ಮಾತ್ರ, ಉಳಿದವು ಒಳಗೆ ತೆಪ್ಪಗಿರುತ್ತವೆ. ಕಾನ್ವೆಂಟಿನಲ್ಲಿ ಸಿಸ್ಟರುಗಳು ಕಿವಿ ಹಿಂಡಿ ಕಲಿಸಿದ ಇಂಗ್ಲಿಷು ನನ್ನೊಳಗೂ ಹಾಗೇ ತೆಪ್ಪಗಿತ್ತು. ಹೆಂಡತಿ ಸ್ನಾನಕ್ಕೆ ಹೋದಾಗಲೆಲ್ಲ ಡಿಫಾಲ್ಟನ್ನು ಇಂಗ್ಲಿಷಿಗೆ ತಿರುಗಿಸಿ, ಒಂದೊಂದು ಪದಕ್ಕೂ ನನ್ನ ಖಾಸಗಿ ಅರ್ಥ ಬರೆದು, ಅವಳು ತಲೆ ಒರೆಸಿಕೊಂಡು ಬರುವಷ್ಟರಲ್ಲಿ ಮತ್ತೆ ಕನ್ನಡಕ್ಕೆ ತಿರುಗಿಸಿಡುತ್ತಿದ್ದೆ. ಕರೆಯದೆ ಬಂದು ಏಳದೆ ಕೂರುವ ನೆಂಟನಿಗೆ ಅವರಲ್ಲಿ ಒಂದು ಪದವಿದೆ. ನಾನು ಬರೆದೆ: "ನೋಡಿ: ಭಾವಮೈದ." ಒಲೆ ಆರಿಸಿದ ಮೇಲೂ ಕುದಿಯುತ್ತಲೇ ಇರುವುದಕ್ಕೊಂದು ಪದ. "ನೋಡಿ: ಹೆಂಡತಿ." ಬಾಗಿಲ ಸಂದಿಯಿಂದ ನುಗ್ಗುವ ತಣ್ಣನೆಯ ಗಾಳಿಗೂ ಒಂದಿದೆ. "ನೋಡಿ: ಅತ್ತೆ. ಬಟ್ಟೆ ತುರುಕಿದರೂ ಪ್ರಯೋಜನವಿಲ್ಲ."

ಪ್ರೆಸ್ಸಿಗೆ ಕಳಿಸುವ ದಿನ ಬಚ್ಚಲಿನಿಂದ ಕೂಗು ಬಂತು. "ರೀ, ಕಳಿಸೋ ಮುಂಚೆ ಭಾಷೆ, ಲಿಪಿ ಎಲ್ಲ ನೋಡಿದ್ರಾ?"

"ನೋಡಿದೀನಿ ಕಣೇ!" ಎಂದೆ. ನೋಡಿದ್ದು ಗಡಿಯಾರವನ್ನು.

ಪ್ರೆಸ್ಸಿನವನು ಕಟ್ಟುಗಳನ್ನು ನೇರವಾಗಿ ಹುಟ್ಟುಹಬ್ಬದ ಮನೆಗೇ ತಂದಿಳಿಸಿದ. ನಾನು ದಾರ ಬಿಚ್ಚಿ ಮೊದಲ ಪ್ರತಿಯನ್ನು ಎರಡೂ ಕೈಯಲ್ಲಿ ಅತ್ತೆಗೆ ಕೊಟ್ಟು ನಮ್ರನಾಗಿ ನಿಂತೆ. ಅವರು ಕನ್ನಡಕ ಏರಿಸಿ ಪುಟ ತಿರುವಿದರು.

"ಪದ ಏನೋ ನಮ್ಮದೇ. ಅರ್ಥ ಯಾಕೆ ಇಂಗ್ಲಿಷಲ್ಲಿದೆ? ನಂಗೆಲ್ಲಿ ಬರುತ್ತೆ? ನೀವೇ ಓದಿ ಹೇಳಿ, ಅಳಿಯಂದ್ರೆ."

ಕಳಿಸುವ ಆತುರದಲ್ಲಿ ಡಿಫಾಲ್ಟನ್ನು ಕನ್ನಡಕ್ಕೆ ತಿರುಗಿಸಿಡುವುದನ್ನೇ ಮರೆತಿದ್ದೆ. ತೆರೆದಿದ್ದ ಪುಟದಲ್ಲಿ ಗಾಳಿ ಬೀಸುತ್ತಿತ್ತು.

"ಬಾಗಿಲ ಸಂದಿಯಿಂದ ಬರೋ ತಣ್ಣನೆ ಗಾಳಿ," ಎಂದೆ, ಬೆವರುತ್ತ.

ಪಕ್ಕದಲ್ಲೇ ಇನ್ನೊಂದು ಪ್ರತಿ ಹಿಡಿದಿದ್ದ ಭಾವಮೈದ ಇಣುಕಿದ. "ಭಾವ, ಇಲ್ಲಿ ಹಾಗಿಲ್ವಲ್ಲ?"

"ಅದು ಅಚ್ಚಿನ ತಪ್ಪು."

"ಅಚ್ಚು ಮುತ್ತಿನ ಹಾಗಿದೆ ಭಾವ. ತಾಳಿ, ನಾನೇ ಓದ್ತೀನಿ," ಎಂದವನೇ ಅದನ್ನು ಕನ್ನಡಕ್ಕೆ ತಿರುಗಿಸಿ ಗಟ್ಟಿಯಾಗಿ ಓದಿಬಿಟ್ಟ. ತುರುಕಿದ ಬಟ್ಟೆಯನ್ನೂ ಬಿಡಲಿಲ್ಲ.

ಹೆಂಡತಿ ಒಲೆ ಆರಿದ ಮೇಲೂ ಕುದಿಯುವುದು ಅಷ್ಟು ದೂರದಿಂದಲೇ ಕೇಳಿಸಿತು. ಲಿಪಿಗಾದರೆ ಸೆಟಿಂಗ್ ಇದೆ, ಹಣೆಬರಹಕ್ಕೆಲ್ಲಿದೆ?

ಆಗ ಅತ್ತೆ ನಕ್ಕರು. ಕನ್ನಡಕ ತೆಗೆದು ಕಣ್ಣೊರೆಸಿಕೊಳ್ಳುವಷ್ಟು ನಕ್ಕರು. "ಪರವಾಗಿಲ್ವೇ! ಅಳಿಯಂದ್ರಿಗೆ ನಮ್ಮ ಭಾಷೆ ಚೆನ್ನಾಗೇ ಅರ್ಥವಾಗಿದೆ!"

ಬಂತು, ಆ ಒಳ್ಳೆಯ ಮಾತು! ನಾನು ಎದೆಯುಬ್ಬಿಸಬೇಕೆನ್ನುವಷ್ಟರಲ್ಲಿ ಅವರು ಬೆರಳೆತ್ತಿದರು. "ಆದ್ರೆ ಒಂದು ಪದ ಬಿಟ್ಟುಹೋಗಿದೆ." ಹಾಗೆಂದು ಅದೇ ಪದ ಅಂದರು. ಬಳಗವೆಲ್ಲ ಹೊಟ್ಟೆ ಹಿಡಿದುಕೊಂಡಿತು.

"ಏನೇ ಅದರರ್ಥ?" ಎಂದೆ.

"ಹೇಳಿದ್ದೊಂದು ಬಿಟ್ಟು ಮಿಕ್ಕಿದ್ದೆಲ್ಲ ಮಾಡೋನು," ಎಂದಳು ಹೆಂಡತಿ. "ಸಣ್ಣಗೇನೂ ಆಗಿಲ್ಲ ನೀವು."

"ಇಂಥವು ನನ್ನ ಹತ್ರ ಇನ್ನೂ ರಾಶಿ ಇವೆ," ಎಂದರು ಅತ್ತೆ. "ಫೋನಲ್ಲಿ ಹೇಳಿದ್ರೆ ಹೀಗೇ ಆಗೋದು. ಎರಡನೇ ಮುದ್ರಣ ಮುಗಿಯೋವರೆಗೂ ನಿಮ್ಮನೇಲೇ ಬಂದಿರ್ತೀನಿ, ನಿಮ್ಮ ಪಕ್ಕದಲ್ಲೇ ಕೂತ್ಕೋತೀನಿ. ಏನಂತೀರಾ, ಅಳಿಯಂದ್ರೆ?"

ಎಲ್ಲರೂ ನನ್ನನ್ನೇ ನೋಡಿದರು. ನಾನು ಏನೂ ಹೇಳದೆ ಸುಮ್ಮನಿದ್ದೆ.

"ಅವರದ್ದೇನಮ್ಮ, ಧಾರಾಳವಾಗಿ ಬಾ," ಎಂದಿತು ಪೂರ್ವನಿಯೋಜಿತ ಭಾಷೆ.