ಚ್ಯೂ ಮೇಷ್ಟ್ರ ಕಸದ ಗಂಟೆ

ಕಸದ ಗಾಡಿಯನ್ನು ತಪ್ಪಿಸಿಕೊಳ್ಳುವ ವಿದ್ಯೆಯಲ್ಲಿ ಚ್ಯೂ ತೆಂಗ್‌ಫಾ ಮೇಷ್ಟ್ರನ್ನು ಮೀರಿಸುವವರು ತೈನಾನ್ ಊರಿನ ಆ ಓಣಿಯಲ್ಲಿ ಇನ್ನೊಬ್ಬರಿರಲಿಲ್ಲ. ಅಲ್ಲಿ ಕಸವನ್ನು ಬೀದಿಯಲ್ಲಿಟ್ಟು ಬರುವಂತಿಲ್ಲ. ಸಂಜೆ ಹಳದಿ ಗಾಡಿ ರಾಗ ನುಡಿಸುತ್ತ ಬಂದಾಗ ಚೀಲ ಹಿಡಿದು ಓಡಿಹೋಗಿ ಸ್ವಹಸ್ತದಿಂದಲೇ ಸಮರ್ಪಿಸಬೇಕು. ಭೂಗೋಳ ಪಾಠ ಹೇಳಿ ನಿವೃತ್ತರಾದ ಮನುಷ್ಯನಿಗೆ ಇದಕ್ಕಿಂತ ಹಗುರವಾದ ಕೆಲಸ ಸಿಗಲಾರದೆಂದು ಅವರ ಹೆಂಡತಿ ಯೂಛಿನ್ ನಂಬಿದ್ದಳು.

ಆದರೆ ಮೇಷ್ಟ್ರಿಗೆ ಹೊಸ ಹುಚ್ಚೊಂದು ಅಂಟಿಕೊಂಡಿತ್ತು. ದೇಶದೇಶದ ಉತ್ಸಾಹಿಗಳು ಸೇರಿ ಬರೆದು, ಬೇಕಾದವರು ಬಳಸಿಕೊಳ್ಳಲಿ ಎಂದು ಬಿಟ್ಟಿದ್ದ ಮುಕ್ತ ತಂತ್ರಾಂಶ ಅದು. ಅದರಲ್ಲಿ ಕೂತಲ್ಲೇ ಸರ್ಕ್ಯೂಟ್ ಬೋರ್ಡುಗಳ ನಕ್ಷೆ ಬರೆಯಬಹುದು. ತಾಮ್ರದ ಗೆರೆಗಳು ರಸ್ತೆಗಳಂತೆ, ಚಿಪ್‌ಗಳು ಊರುಗಳಂತೆ ಕಂಡದ್ದೇ ತಡ, ಮೇಷ್ಟ್ರು ಪ್ರಪಂಚವನ್ನೇ ಮರೆತರು. ಕಸದ ಗಾಡಿಯೂ ಪ್ರಪಂಚದಲ್ಲೇ ಓಡಾಡುವ ವಸ್ತುವಾದ್ದರಿಂದ ಅದನ್ನೂ ಮರೆತರು.

"ಇವತ್ತೂ ಗಾಡಿ ಹೋಯ್ತಲ್ಲ ಮುದುಕ್ರೇ! ಕಿವಿಗೆ ಏನು ತುಂಬ್ಕೊಂಡಿದ್ರಿ?"

"ಎರಡು ಗೆರೆ ಒಂದರ ಮೇಲೊಂದು ಹಾದುಹೋಗ್ತಿದ್ವು ಕಣೇ. ಬಿಡಿಸ್ತಾ ಇದ್ದೆ."

"ಫ್ರೀಜರಲ್ಲಿ ಮೀನಿನ ತಲೆಗಳೂ ಒಂದರ ಮೇಲೊಂದು ಕೂತಿವೆ. ಅದನ್ನೂ ಒಂಚೂರು ಬಿಡಿಸಿ!"

(ನಾರದಿರಲೆಂದು ಅಡುಗೆಮನೆಯ ಹಸಿ ಕಸವನ್ನು ಫ್ರೀಜರಿನಲ್ಲಿಡುವುದು ಆ ಓಣಿಯ ಪದ್ಧತಿ. ಮೇಷ್ಟ್ರ ಮನೆಯಲ್ಲಿ ತಿನ್ನುವ ಪದಾರ್ಥಕ್ಕೆ ಫ್ರೀಜರಿನಲ್ಲಿ ಜಾಗವೇ ಉಳಿದಿರಲಿಲ್ಲ.)

ಮಹತ್ತರವಾದ ಯೋಚನೆ ಹೊಳೆದದ್ದು ಆಗಲೇ. "ಗಾಡಿಯ ರಾಗ ಕಿವಿಗೆ ಬಿದ್ದ ಕೂಡಲೇ ಗಂಟೆ ಬಾರಿಸೋ ಬೋರ್ಡು ಮಾಡ್ತೀನಿ!" ಎಂದು ಮೇಷ್ಟ್ರು ಘೋಷಿಸಿದರು.

"ಆ ರಾಗಾನೇ ಗಂಟೆ ಅಲ್ವೇನ್ರಿ? ಗಂಟೆಗೊಂದು ಗಂಟೆ ಯಾಕೆ?"

ಇಂಥ ಪಾಮರ ಪ್ರಶ್ನೆಗಳಿಗೆ ವಿಜ್ಞಾನ ಉತ್ತರ ಕೊಡುವುದಿಲ್ಲ. ಮೇಷ್ಟ್ರೂ ಕೊಡಲಿಲ್ಲ. ಊಟದ ಮೇಜು ಸಂಶೋಧನಾಲಯವಾಯಿತು. ಊಟ ಸೋಫಾಕ್ಕೆ ವರ್ಗವಾಯಿತು. ನಕ್ಷೆಯಲ್ಲಿ ಒಂದು ಗೆರೆ ಇನ್ನೊಂದಕ್ಕೆ ತಗುಲಿದರೂ ತಂತ್ರಾಂಶ ಕೆಂಪು ಗುರುತು ಹಾಕುತ್ತಿತ್ತು. ಜೀವಮಾನವೆಲ್ಲ ಮಕ್ಕಳ ಉತ್ತರಗಳಿಗೆ ಕೆಂಪು ಶಾಯಿ ಹಚ್ಚಿದವರು ಈಗ ಕೂತು ತಮ್ಮ ತಪ್ಪು ತಿದ್ದಿದರು. ಕೊನೆಗೆ ಒಂದೂ ಕೆಂಪು ಉಳಿಯದಾದಾಗ, ಮೂಲೆಯಲ್ಲಿ ಬಿಳಿ ಅಕ್ಷರಗಳಲ್ಲಿ 'ಯೂಛಿನ್' ಎಂದು ಬರೆದು (ಇದನ್ನು ಪ್ರೀತಿಯೆನ್ನಿ, ಲಂಚವೆನ್ನಿ) ನಕ್ಷೆಯನ್ನು ಕಾರ್ಖಾನೆಗೆ ಕಳಿಸಿದರು.

ಹಸಿರು ಬೋರ್ಡುಗಳು ಬಂದವು. ಚಿಪ್ ಕೂರಿಸಲು ಹೋದರೆ ಅದರ ಲೋಹದ ಕಾಲುಗಳೆಲ್ಲ ಎಡದ್ದು ಬಲಕ್ಕೆ, ಬಲದ್ದು ಎಡಕ್ಕೆ! ಗೆರೆ ತಗುಲಿದರೆ ತಂತ್ರಾಂಶಕ್ಕೆ ಗೊತ್ತಾಗುತ್ತದೆ, ನಿಜ. ನಕ್ಷೆ ಬರೆಯುವಾಗ ಮೇಷ್ಟ್ರು ಚಿಪ್ಪನ್ನು ಅಂಗಾತ ಮಲಗಿಸಿಕೊಂಡು ಕಾಲು ಎಣಿಸಿದರೆ ಅದಾದರೂ ಏನು ಮಾಡೀತು? ಬೋರ್ಡಿನ ಮೇಲೂ ಚಿಪ್ಪನ್ನು ಅಂಗಾತವೇ ಮಲಗಿಸಿ, ಪ್ರತಿ ಕಾಲಿಗೂ ಕೂದಲಿನಂಥ ತಂತಿ ಬೆಸೆದು ಮಾನ ಉಳಿಸಿಕೊಂಡರು.

"ಇದೇನಿದು, ಸತ್ತ ಜಿರಳೆ?"

"ಅದೇ ಇಡೀ ಯಂತ್ರದ ಮಿದುಳು ಕಣೇ."

"ನನ್ನ ಹೆಸರಿನ ಪಕ್ಕದಲ್ಲೇ ಮಲಗಿಸಬೇಕಾಗಿತ್ತಾ?"

ಆದರೂ ಆ ಮಿದುಳು ಕೆಲಸ ಮಾಡಿತು! ಗಾಡಿ ಇನ್ನೂ ಪಕ್ಕದ ಬೀದಿಯಲ್ಲಿರುವಾಗಲೇ ಬಾಲ್ಕನಿಯ ಗಂಟೆ ಕಿಟಾರನೆ ಕಿರುಚಿತು. ಫ್ರೀಜರ್ ಖಾಲಿಯಾಯಿತು. ನೆಲಮಹಡಿಯಲ್ಲಿ ಕ್ಷೌರದ ಅಂಗಡಿಯಿಟ್ಟಿದ್ದ ಲ್ಯಾವ್ ಅಕ್ಕ, ಎದುರುಮನೆಯ ಹುಂಗ್ ಅಜ್ಜ, ಎಲ್ಲರೂ ಗಾಡಿಗೆ ಕಿವಿಗೊಡುವುದನ್ನು ಬಿಟ್ಟು ಮೇಷ್ಟ್ರ ಗಂಟೆಯನ್ನೇ ನಂಬಿದರು. ಮೇಷ್ಟ್ರು ಓಣಿಯಲ್ಲಿ ಎದೆಯುಬ್ಬಿಸಿ ನಡೆದರು.

ಒಂದು ಸಂಜೆ ಗಂಟೆ ಹೊಡೆಯಿತು. ಓಣಿಗೆ ಓಣಿಯೇ ಚೀಲ ಹಿಡಿದು ಕೆಳಗಿಳಿಯಿತು. ಗಾಡಿಯ ಸುಳಿವಿಲ್ಲ.

"ಗಾಡಿ ಎಲ್ಲಿ ಮೇಷ್ಟ್ರೇ?" ಎಂದರು ಹುಂಗ್ ಅಜ್ಜ.

"ಬರುತ್ತೆ, ಬರುತ್ತೆ. ನನ್ನ ಬೋರ್ಡು ದೂರದ ಸದ್ದನ್ನೂ ಹಿಡಿಯುತ್ತೆ."

"ಎಷ್ಟು ದೂರದ್ದು? ತೈಪೆ ಬಿಟ್ಟಿದೆಯಂತೇನು?" ಎಂದಳು ಲ್ಯಾವ್ ಅಕ್ಕ.

ಓಣಿ ನಕ್ಕಿತು. ಮೇಷ್ಟ್ರು ಚೀಲವನ್ನು ಅಲ್ಲೇ ಇಟ್ಟು ಮೆಟ್ಟಿಲು ಹತ್ತಿ ಏದುಸಿರು ಬಿಡುತ್ತ ಮೇಲೆ ಬಂದರೆ, ಯೂಛಿನ್ ಬೆಳ್ಳುಳ್ಳಿ ಹುರಿಯುತ್ತ ಗಾಡಿಯ ರಾಗವನ್ನೇ ಗುನುಗುತ್ತಿದ್ದಳು.

"ನೀನಾ! ನೀನು ಹಾಡಿದ್ದಕ್ಕಾ ಇದು ಬಡ್ಕೊಂಡಿದ್ದು!"

ಯೂಛಿನ್ ಸೌಟು ಕೆಳಗಿಟ್ಟಳು. ಬೋರ್ಡನ್ನು ಮೊದಲ ಬಾರಿಗೆ ಅಕ್ಕರೆಯಿಂದ ನೋಡಿದಳು. "ಮದುವೆಯಾದಾಗಿಂದ ಹಾಡ್ತಾನೇ ಇದೀನಿ. ನಿಮಗೆ ಒಂದು ದಿನ ಕೇಳಿಸ್ತಾ? ಈ ಪಾಪದ್ದಕ್ಕೆ ಕೇಳಿಸ್ತು ನೋಡಿ!"

ಮೇಷ್ಟ್ರಿಗೆ ಎರಡೆರಡು ಅವಮಾನ. ಮರುದಿನವೇ ಹೊಸ ನಕ್ಷೆಗೆ ಕೂತರು. ಬೀದಿಯ ಜೋರು ಸದ್ದಿಗೆ ಮಾತ್ರ ಓಗೊಡುವಂತೆ ಮೈಕಿನ ಭಾಗವನ್ನೆಲ್ಲ ಬದಲಾಯಿಸಿದರು. ಚಿಪ್ಪಿನ ಕಾಲುಗಳನ್ನು ಈ ಸಲ ನೆಟ್ಟಗೆ ಎಣಿಸಿದರು. ಹೊಸ ಬೋರ್ಡು ಬಂತು, ಗಾಡಿ ಬಂದಾಗಷ್ಟೇ ಗಂಟೆ ಹೊಡೆಯಿತು. ಯೂಛಿನ್ ಅದರ ಮುಂದೆ ನಿಂತು ಗಂಟಲು ಹರಿಯುವಂತೆ ಹಾಡಿದರೂ ಅದು ತುಟಿಪಿಟಕ್ಕೆನ್ನಲಿಲ್ಲ. "ಇದೂ ನಿಮ್ಮ ಹಾಗೇ ಆಗೋಯ್ತು" ಎಂದು ಅವಳು ಮುಖ ತಿರುಗಿಸಿದಳು.

ಕೆಲವು ದಿನ ಕಳೆದ ಮೇಲೆ ಲ್ಯಾವ್ ಅಕ್ಕನೂ ಹುಂಗ್ ಅಜ್ಜನೂ ಸೀಬೆಹಣ್ಣು ಹಿಡಿದು ಮನೆಗೆ ಬಂದರು. ಸ್ಕೂಟರ್ ನಿಲ್ಲಿಸುವ ಜಾಗಕ್ಕಾಗಿ ಜಗಳವಾಡಿ ವರ್ಷಗಟ್ಟಲೆ ಮಾತು ಬಿಟ್ಟಿದ್ದ ಇವರಿಬ್ಬರೂ ಒಟ್ಟಿಗೆ ಬಂದದ್ದೇ ಸೋಜಿಗ. ತಮ್ಮನ್ನು ಸನ್ಮಾನಿಸಲು ಬಂದಿದ್ದಾರೆಂದು ಮೇಷ್ಟ್ರು ಒಳ್ಳೆಯ ಚಹಾ ಸೋಸಿದರು.

"ಮೇಷ್ಟ್ರೇ, ಬೇಜಾರು ಮಾಡ್ಕೋಬೇಡಿ. ಆ ಹಳೇ ಬೋರ್ಡೇ ಹಾಕಿಬಿಡಿ" ಎಂದಳು ಲ್ಯಾವ್ ಅಕ್ಕ.

"ಅದು ಕೆಟ್ಟದ್ದಲ್ವೇನಮ್ಮಾ! ಗಾಡಿ ಬರದೆ ಇದ್ರೂ ಹೊಡ್ಕೊಳ್ತಿತ್ತು."

"ಅದಕ್ಕೇ ಬೇಕು. ಅವತ್ತು ಗಾಡಿ ಕಾಯ್ತಾ ಸುಮ್ನೆ ನಿಂತಿದ್ವಲ್ಲ, ಈ ಅಜ್ಜ ತಾನಾಗಿ ನನ್ನ ಮೊಣಕಾಲು ನೋವು ವಿಚಾರಿಸಿದ್ರು. ಮಾತಿಗೆ ಮಾತು ಬೆಳೀತು. ಸ್ಕೂಟರ್ ವಿಷಯಾನೂ ಮುಗೀತು. ಈಗ ನೋಡಿ, ಗಂಟೆ ಹೊಡೀತು ಅಂದ್ರೆ ಗಾಡಿ ಬಂದೇ ಬಿಡುತ್ತೆ. ಚೀಲ ಎಸೆದು ಎಲ್ಲಾ ಒಳಗೆ ಓಡ್ತಾರೆ."

"ಅರ್ಧ ಗಂಟೆ ಮುಂಚೆ ತಪ್ಪು ಹೊಡೀಲಿ, ಸಾಕು" ಎಂದು ಹುಂಗ್ ಅಜ್ಜ ಧ್ವನಿಗೂಡಿಸಿದರು.

ಯಂತ್ರದ ನಿಖರತೆಯ ಬಗ್ಗೆ ಮೇಷ್ಟ್ರು ದೀರ್ಘ ಉಪನ್ಯಾಸ ಮಾಡಿದರು. ಇಬ್ಬರೂ ವಿನಯದಿಂದ ಕೇಳಿ, ಹಣ್ಣಿಟ್ಟು, "ಈ ವಾರದೊಳಗೆ ಆಗುತ್ತಲ್ವಾ?" ಎಂದು ಕೇಳಿ ಹೋದರು.

ಹಳೆಯ ಚಿಪ್ಪನ್ನು ಮೇಷ್ಟ್ರು ಕಿತ್ತು ಕಾಲು ಮುರಿದಾಗಿತ್ತು. ಇನ್ನು ಹೊಸ ನಕ್ಷೆಯೇ ಗತಿ. ಒಂದು ತಪ್ಪೂ ಇಲ್ಲದ ನಕ್ಷೆಯನ್ನು ತೆರೆದು, ಅದರಲ್ಲಿ ಬುದ್ಧಿಪೂರ್ವಕವಾಗಿ ತಪ್ಪು ಹುಡುಕಿ ಸೇರಿಸಲು ಮೇಷ್ಟ್ರು ಕೂತರು. ಯೂಛಿನ್ ಸೀಬೆಹಣ್ಣು ಹೆಚ್ಚಿ ಪಕ್ಕದಲ್ಲಿಟ್ಟು, ಹೆಗಲ ಮೇಲಿಂದ ಬಗ್ಗಿ ನೋಡಿದಳು.

"ಸರಿಯಾಗಿ ಕೆಡಿಸಿ ಮುದುಕ್ರೇ. ಹೋದ ಸಲದ ಹಾಗೆ ಪೂರ್ತಿ ರಿಪೇರಿಯಾಗಿ ಬಂದೀತು!"