ಐವತ್ತನೆಯ ಒಲೆಯ ಕುರಿತು ಸುತ್ತೋಲೆ

ಸಂಖ್ಯೆ: ಜನ/ವಸತಿ/ಒಲೆ/49½

ವಿಷಯ: ಗ್ರಾಮೀಣ ವಲಯದ ಜನ, ದುಡಿಮೆ ಮತ್ತು ವಸತಿ ವಿವರ ಸಂಗ್ರಹಿಸುವಾಗ ವಾರಗಿತ್ತಿಯರು ರಾಜಿಯಾದಲ್ಲಿ ಅನುಸರಿಸಬೇಕಾದ ಕ್ರಮ.

ಉಲ್ಲೇಖ: ಗಡಿಯಂಚಿನ ಊರಿನ ಗಣತಿದಾರರ ವರದಿ (ಮೂರು ಬಾರಿ ತಿದ್ದಿದ್ದು, ಎಣ್ಣೆ ಕಲೆ ಸಹಿತ).

ಒಂದೇ ಒಲೆಯಲ್ಲಿ ಬೆಂದದ್ದನ್ನು ಉಣ್ಣುವವರು ಒಂದು ಕುಟುಂಬವೆಂದೂ, ಐವತ್ತು ಕುಟುಂಬಗಳಿಲ್ಲದ ಊರಿನಲ್ಲಿ ದಾದಿಯ ಹುದ್ದೆ ರದ್ದಾಗುವುದೆಂದೂ ತಿಳಿದೇ ಇದೆ. ಸದರಿ ಊರಿನ ಬಡಗಿ ಅಣ್ಣತಮ್ಮಂದಿರ ಪತ್ನಿಯರು ಹಿತ್ತಾಳೆ ಕೊಡವೊಂದರ ವಿಷಯದಲ್ಲಿ ಮುನಿಸಿಕೊಂಡು, ಒಂದೇ ಸೂರಿನಡಿ ಎರಡು ಒಲೆ ಹೂಡಿದ್ದರಿಂದ ಐವತ್ತು ಭರ್ತಿಯಾಗಿತ್ತು. ಶಾಲೆಯ ಹೊಲಿಗೆ ಟೀಚರೂ ಆದ ಗಣತಿದಾರರು ನೆಮ್ಮದಿಯಿಂದ ಸಹಿ ಹಾಕಿದ್ದರು.

ಮರುಪರಿಶೀಲನೆಯ ದಿನ ಬಸುರಿಯಾಗಿದ್ದ ಕಿರಿಯ ವಾರಗಿತ್ತಿಗೆ ಎಂಟು ತಿಂಗಳು ತುಂಬಿದ್ದು, ಅವರ ಒಲೆ ತಣ್ಣಗಿತ್ತು. "ಹೊಗೇಲಿ ಕೂತು ಕೆಮ್ಮೋದನ್ನ ಎಷ್ಟು ದಿನ ಕೇಳಿಸ್ಕೊಳ್ಳಲಿ? ಇಲ್ಲೇ ಉಣ್ಣು ಅಂದೆ. ಮಾತು ಮಾತ್ರ ಬಿಟ್ಟಿದ್ದು ಬಿಟ್ಟಂಗೇ ಇದೆ" ಎಂದು ಹಿರಿಯವರು ಹೇಳಿಕೆ ನೀಡಿದರು. ಊರು ನಲವತ್ತೊಂಬತ್ತಕ್ಕೆ ಇಳಿಯಿತು. ಹೆರಿಗೆಯ ಹೊತ್ತಿಗೇ ದಾದಿ ಇಲ್ಲವಾಗುವ ಸ್ಥಿತಿ ಬಂತು. ಗಣತಿದಾರರ ಪೆನ್ನು ಆ ಕಾಲಂ ಮೇಲೆ ಹನ್ನೊಂದು ನಿಮಿಷ ನಿಂತದ್ದು ದಾಖಲಾಗಿದೆ. "ಅಕ್ಕಾ, ಇನ್ನೊಂದು ತಿಂಗಳು ಜಗಳ ಆಡಬಾರದಾ?" ಎಂದು ಅವರು ಬೇಡಿಕೊಂಡದ್ದು ನಿಯಮಬಾಹಿರ.

ಆದ್ದರಿಂದ ಸಂಬಂಧಪಟ್ಟವರೆಲ್ಲರ ಗಮನಕ್ಕೆ ತರಲಾಗಿದೆ:

1. ರಾಜಿಯಾಗಲು ಇಚ್ಛಿಸುವ ವಾರಗಿತ್ತಿಯರು ಹದಿನೈದು ದಿನ ಮುಂಚಿತವಾಗಿ ಲಿಖಿತ ಮಾಹಿತಿ ನೀಡತಕ್ಕದ್ದು. ಅಳು ತಡೆಯಲಾಗದಿದ್ದಲ್ಲಿ ಏಳು ದಿನ ಸಾಕು.

2. ಬೇರೆ ಒಲೆಗಳ ನಡುವೆ ಬಟ್ಟಲು ಓಡಾಡಿದಲ್ಲಿ, ಅದು ಖಾಲಿ ಹಿಂದಿರುಗಿತೇ ತುಂಬಿ ಹಿಂದಿರುಗಿತೇ ಎಂದು ನಮೂದಿಸುವುದು. ತುಂಬಿದ್ದರೆ ಅರ್ಧ ಕುಟುಂಬವೆಂದು ಪರಿಗಣಿಸಲಾಗುವುದು.

3. "ನನಗೇನು ಕೆಲಸ, ಮನೇಲೇ ಇರ್ತೀನಲ್ಲ" ಎನ್ನುವವರನ್ನು ನಿರುದ್ಯೋಗಿ ಎಂದು ಬರೆಯುವ ಮುನ್ನ, ಆ ಮಾತು ಮುಗಿಯುವಷ್ಟರಲ್ಲಿ ಅವರು ಎರಡು ಹಸುಗಳ ಹಾಲು ಕರೆದರೇ ಎಂದು ನೋಡುವುದು.

4. ಹೊಟ್ಟೆಯಲ್ಲಿರುವ ಮಗು ಜನಸಂಖ್ಯೆಗೆ ಸೇರದು. ಒದೆಯುತ್ತಿದ್ದರೂ ಸೇರದು.

5. ಮುಖ ಸಣ್ಣದು ಮಾಡಿಕೊಂಡು ಹಿಂದಿರುಗುತ್ತಿದ್ದ ಗಣತಿದಾರರಿಗೆ ಆರೋಗ್ಯ ಕೇಂದ್ರದ ಹಿಂಬದಿಯಿಂದ ಈರುಳ್ಳಿ ಹುರಿಯುವ ವಾಸನೆ ಬಂದಿರುತ್ತದೆ. ಒಳಹೊಕ್ಕು ನೋಡಲಾಗಿ, ದಾದಿಯು ಔಷಧದ ಕೋಣೆಯ ಹಿಂದೆ ತಮ್ಮದೇ ಒಲೆಯಲ್ಲಿ ಅಡುಗೆ ಮಾಡುತ್ತಿದ್ದರು. ಆರು ವರ್ಷದಿಂದ ಅಲ್ಲೇ ವಾಸ. ಕಟ್ಟಡ ದಾಖಲೆಯಲ್ಲಿ 'ಕಚೇರಿ' ಎಂದಿದ್ದುದರಿಂದ ಅವರನ್ನು ಯಾರೂ ಎಣಿಸಿರಲಿಲ್ಲ. "ನನ್ನನ್ನ ಯಾರು ಕೇಳಿದ್ರು? ಬಂದೋರೆಲ್ಲ ಗುಳಿಗೆ ಕೇಳ್ತಾರೆ" ಎಂದರು. ಗಣತಿದಾರರು ಅಲ್ಲೇ ನೆಲದ ಮೇಲೆ ಕುಳಿತು, ಕಣ್ಣೊರೆಸಿಕೊಂಡು, ಐವತ್ತು ಎಂದು ಬರೆದರು.

6. ಸದರಿ ನಮೂದನ್ನು ಎರಡು ಸಭೆಗಳಲ್ಲಿ ಪರಿಶೀಲಿಸಲಾಯಿತು. ದಾದಿ ಇರುವವರೆಗೆ ದಾದಿ ಇರಲು ಊರು ಅರ್ಹವಾಗಿದ್ದು, ಅವರನ್ನು ತೆಗೆದ ನಂತರವಷ್ಟೇ ಅವರನ್ನು ತೆಗೆಯಲು ಕಾರಣ ದೊರೆಯುವುದೆಂದು ತೀರ್ಮಾನಿಸಲಾಗಿದೆ. ಹುದ್ದೆ ಮುಂದುವರಿಸಲಾಗಿದೆ.

ಸಹಿ/- (ಓದಲಾಗದು)
ರಜೆಯಲ್ಲಿರುವ ಗಣತಿ ಅಧಿಕಾರಿಗಳ ಪರವಾಗಿ

ಪ್ರತಿಗಳು:
1. ಗಣತಿದಾರರಿಗೆ, ಎಚ್ಚರಿಕೆ ಮತ್ತು ಮೆಚ್ಚುಗೆ ಸಹಿತ (ಒಂದೇ ಲಕೋಟೆಯಲ್ಲಿ).
2. ವಾರಗಿತ್ತಿಯರಿಗೆ, ಇಬ್ಬರಿಗೂ ಸೇರಿ ಒಂದು.
3. ದಾದಿಯವರಿಗೆ. ಬಾಗಿಲಿಗೆ ಬೀಗವಿದ್ದು, "ಬಡಗಿಗಳ ಮನೇಲಿ ಹೆರಿಗೆ, ಅಲ್ಲಿಗೇ ಬನ್ನಿ" ಎಂಬ ಚೀಟಿ ಇದ್ದುದರಿಂದ ಅಲ್ಲಿಗೇ ಕಳುಹಿಸಲಾಗಿದೆ.